ಇಪ್ಪತ್ನಾಲ್ಕು ಶುಭಕೋರುವವರು

ಫ್ಲೆಕ್ಸ್ ಕಂಡ ಕೂಡಲೇ ಸಂಗ್ರಾಮ ಬೈಕಿನ ಬ್ರೇಕ್ ಒತ್ತಿದ. ಹಿಂದೆ ಕುಳಿತಿದ್ದ ಗೆಳೆಯ ದುಂಡೇಶನ ಮೂಗು ಅವನ ಬೆನ್ನಿಗೆ ಬಡಿಯಿತು. ಚಿಕ್ಕೋಡಿಯ ಬಸ್ ನಿಲ್ದಾಣದ ಎದುರು, ಹತ್ತು ಅಡಿ ಎತ್ತರ, ಹದಿನೈದು ಅಡಿ ಅಗಲ. ಅದರ ತುಂಬ ಸಂಗ್ರಾಮ.

ಕಪ್ಪು ಕನ್ನಡಕ. ಬೈಕಿನ ಮೇಲೆ ಕುಳಿತು ಕತ್ತು ಹೊರಳಿಸಿದ ಭಂಗಿ. ತುಟಿಗಳು ಮಾತ್ರ ಯಾಕೋ ಮುಂದಕ್ಕೆ ಚೂಪಾಗಿದ್ದವು. ಮೂಲೆಯಲ್ಲಿ ಯಾವುದೋ ಸ್ಕೂಟಿಯ ಕನ್ನಡಿಯ ಅಂಚು. ಈ ಫೋಟೋ ಯಾರು, ಯಾವಾಗ ತೆಗೆದರೋ ಅವನಿಗೆ ನೆನಪಾಗಲಿಲ್ಲ. ಮೇಲೆ ಕೆಂಪು ಅಕ್ಷರ: 'ದಾರಿಯಲ್ಲಿ ನಮ್ಮನ್ನು ಒಂದು ದಿನವೂ ಒಂಟಿಯಾಗಿ ಬಿಡದ ಸಂಗ್ರಾಮಣ್ಣನಿಗೆ ಹಾರ್ದಿಕ ಶುಭಾಶಯಗಳು.'

"ಯಾತಕ್ಕ ಶುಭಾಶಯ ಲೇ? ನಿನ್ನ ಬರ್ತಡೇ ಜೂನ್ ಒಂದಕ್ಕಲ್ಲ?" ದುಂಡೇಶ ಮೂಗು ತಿಕ್ಕಿಕೊಳ್ಳುತ್ತ ಕೇಳಿದ.

"ಫ್ಲೆಕ್ಸಿಗೆ ಕಾರಣಾ ಯಾರ್ ಕೇಳ್ತಾರ?"

ಅದೂ ಖರೆಯೇ. ಎತ್ತಿನ ಹುಟ್ಟುಹಬ್ಬಕ್ಕೂ ಫ್ಲೆಕ್ಸ್ ಏಳುವ ಸೀಮೆ ಇದು.

ಕೆಳಗೆ ಶುಭಕೋರುವವರ ಫೋಟೋ ಹಾಕುವುದು ಪದ್ಧತಿ. ಇಲ್ಲೂ ಇದ್ದವು. ನಾಲ್ಕು ಸಾಲು, ಸಾಲಿಗೆ ಆರು. ಎಲ್ಲರೂ ಹೆಣ್ಣುಮಕ್ಕಳು, ಎಲ್ಲರ ಮುಖಕ್ಕೂ ಸ್ಕಾರ್ಫ್. ಈ ಕಡೆ ಸ್ಕೂಟಿ ಹತ್ತುವ ಹುಡುಗಿಯರು ಬಿಸಿಲಿಗೆ, ಧೂಳಿಗೆ ಅಂಜಿ ಕಣ್ಣಷ್ಟೇ ಬಿಟ್ಟು ಸುತ್ತಿಕೊಳ್ಳುತ್ತಾರಲ್ಲ, ಹಾಗೆ. ಹೆಸರಿಲ್ಲ. ಹೆಸರಿನ ಜಾಗದಲ್ಲಿ ಒಂದೊಂದು ಅಂಕಿ. ಒಂಬತ್ತು, ನಲವತ್ತೊಂದು, ಮೂರು, ಇಪ್ಪತ್ತೇಳು, ಹದಿನಾರು.

"ವಾರ್ಡ್ ನಂಬರ್ ಇರಬೇಕು. ನಿನ್ನ ಪುರಸಭೆಗೆ ನಿಲ್ಲಸಾಕತ್ತಾರ."

"ನಲವತ್ತೊಂದನೇ ವಾರ್ಡ್ ಎಲ್ಲೈತಿ ಲೇ ನಮ್ಮೂರಾಗ?"

"ಹಂಗಾರ ವಯಸ್ಸು."

"ಮೂರು ವರ್ಷದ ಕೂಸು ಸ್ಕೂಟಿ ಹೊಡೀತೈತೇನು?"

ಇಬ್ಬರೂ ಅಲ್ಲಿಗೇ ಬಿಟ್ಟರು. ಫ್ಲೆಕ್ಸ್ ಅಂಗಡಿಯ ಅಸ್ಫಾಕನನ್ನು ಕೇಳಿದರೆ ಅವನು ನಕ್ಕ. "ಹೆಸರ ಹೇಳಬ್ಯಾಡಂದಾರಣ್ಣ. ಫೋಟೋ ಚಲೋ ಬಂದೈತಲ್ಲ?"

ನಿಜ ಹೇಳಬೇಕೆಂದರೆ ಸಂಗ್ರಾಮನಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ತಾನು ಮಾಡಿದ ಸೇವೆ ಕಡಿಮೆಯೇ? ದಿನಾ ಮುಂಜಾನೆ ಎಂಟೂ ನಲವತ್ತಕ್ಕೆ ಇಲ್ಲಿ ಹಾಜರು. ಯಾವ ಸ್ಕೂಟಿ ಹೊರಟರೂ ಪಕ್ಕಕ್ಕೆ ಬೈಕು. ಅವರು ತಲುಪುವ ತನಕ ಒಂದು ಸಿಳ್ಳೆ, ಒಂದು ಹಾಡು, ನಾಲ್ಕು ಮಾತು. ಉತ್ತರ ಬರದಿದ್ದರೆ ಮರುದಿನ ಮತ್ತೆ ಅದೇ ಮಾತು. ಒಬ್ಬಳೂ ತಿರುಗಿ ಮಾತಾಡಿದವಳಲ್ಲ. ನಾಚಿಕೆ ಎಂದು ಅವನೇ ತೀರ್ಮಾನಿಸಿದ್ದ. ಹೋದ ವರ್ಷ ಯಾರೋ ಒಬ್ಬಳು ಊರ ಹಿರಿಯರೊಬ್ಬರ ಮುಂದೆ ಹೇಳಿಕೊಂಡಿದ್ದಳಂತೆ. 'ನೀನ ಬ್ಯಾರೆ ದಾರಿ ಹಿಡಿಯವಾ' ಎಂದು ಅವರು ಬುದ್ಧಿ ಹೇಳಿದರಂತೆ. ಅವಳು ಬೇರೆ ದಾರಿ ಹಿಡಿದಳು. ಸಂಗ್ರಾಮನೂ ಅದೇ ದಾರಿ ಹಿಡಿದ.

ಫ್ಲೆಕ್ಸ್ ಎದ್ದ ವೇಳೆಯೂ ಎಂಥದ್ದು! ಭಾನುವಾರ ಸದಲಗಾದಿಂದ ಬೀಗರಾಗುವವರು ಮನೆ, ಹೊಲ ನೋಡಲು ಬರುವವರಿದ್ದರು. ಸಂಗ್ರಾಮನಿಗೆ ಮೂವತ್ತನಾಲ್ಕು. ಆರು ಎಕರೆ ಕಬ್ಬಿದ್ದರೂ ಹನ್ನೊಂದು ಮನೆಯವರು 'ನೋಡೋಣ' ಎಂದು ಹೋದವರು ಮತ್ತೆ ಫೋನ್ ಎತ್ತಿರಲಿಲ್ಲ. ಹನ್ನೆರಡನೆಯದಾದರೂ ಕೂಡಿಬರಲಿ ಎಂದು ತಾಯಿ ಕಾಳವ್ವ ಸೋಮವಾರದ ಉಪವಾಸ ಹಿಡಿದು ಬಡಕಲಾಗಿದ್ದಳು. ಇದೂ ತಪ್ಪಿದರೆ ಇನ್ನು ಬ್ರಹ್ಮಚರ್ಯವೇ ಗತಿ ಎಂಬ ಹೆದರಿಕೆ ಸಂಗ್ರಾಮನಿಗೂ ಇತ್ತು.

ಹುಡುಗಿಯ ಹೆಸರು ಕೋಮಲ. ವಾಟ್ಸಾಪಿಗೆ ಬಂದ ಬಯೋಡಾಟಾ ಎರಡು ಪುಟ. ಮೊದಲ ಪುಟದ ಫೋಟೋ ನೋಡಿದವನು ಎರಡನೆಯದನ್ನು ತೆರೆಯಲೇ ಇಲ್ಲ. ಆ ಕಣ್ಣು ಎಲ್ಲೋ ನೋಡಿದಂತಿತ್ತು. ಋಣಾನುಬಂಧ ಅಂದರೆ ಇದೇ ಎಂದುಕೊಂಡ.

"ಹುಡುಗಿನೂ ಬರ್ತಾಳಂತಪಾ. ಹುಡುಗನ್ನ ಅವನ ಊರಾಗ ನೋಡಬೇಕಂತ," ಎಂದು ಕಾಳವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಹಿಂಗ ಎಲ್ಲ್ಯಾರ ಐತೇನು?"

"ಬರಲಿ ಬಿಡವ್ವಾ. ನೋಡಲಿ."

ಅವನಿಗೆ ಆಕಾಶ ಮೂರೇ ಗೇಣು. ಫ್ಲೆಕ್ಸಿಗೆ ತಾನೇ ಹಾರ ಹಾಕಿದ, ಕಾಯಿ ಒಡೆದ. ಭಾನುವಾರ ಹುಡುಗಿಯ ತಂದೆ ಬಾಬಾಸಾಹೇಬರು ಫೋನಿನಲ್ಲಿ ಮನೆಯ ದಾರಿ ಕೇಳಿದಾಗ, "ಬಸ್‌ಸ್ಟ್ಯಾಂಡ್ ಮುಂದ ನನ್ನ ಬ್ಯಾನರ್ ಐತಿ, ಅದರ ಕೆಳಗ ನಿಂದರ್ರಿ, ನಾನ ಬರ್ತೇನಿ" ಎಂದ.

ಕಾಳವ್ವನನ್ನು ಹಿಂದೆ ಕೂರಿಸಿಕೊಂಡು ಹೋದ. ಬಾಬಾಸಾಹೇಬರು ಜೀಪಿನಿಂದಿಳಿದು ಕತ್ತೆತ್ತಿ ಓದುತ್ತಿದ್ದರು. ಜೀಪಿನ ಹಿಂದೆ ಒಂದು ಸ್ಕೂಟಿ. ಅದರ ಮೇಲೆ ಸ್ಕಾರ್ಫ್ ಸುತ್ತಿದ ಹುಡುಗಿ. ಸಂಗ್ರಾಮ ಕೈಮುಗಿದ.

"ಬಿಸಿಲಾಗ ಬಂದೀರಿ. ಚಿಕ್ಕೋಡಿ ಇದ ಮೊದಲೇನ್ರಿ?"

ಉತ್ತರ ಕೊಟ್ಟವರು ತಂದೆ. "ಎಲ್ಲೀ ಮೊದಲರಿ! ಎರಡು ವರ್ಷಾತು, ದಿನಾ ಇಲ್ಲೇ ರಕ್ತ ಟೆಸ್ಟ್ ಮಾಡು ಲ್ಯಾಬಿಗೆ ಕೆಲಸಕ್ಕ ಬರ್ತಾಳ. ಎರಡನೇ ಪೇಜಿನ್ಯಾಗ ಬರದಿದ್ವಲ್ಲ?"

ಸಂಗ್ರಾಮನ ನಗು ಅರ್ಧಕ್ಕೆ ನಿಂತಿತು.

ಬಾಬಾಸಾಹೇಬರು ಮತ್ತೆ ಫ್ಲೆಕ್ಸಿನತ್ತ ತಿರುಗಿದ್ದರು. "ಭಾರೀ ಹೆಣ್ಣಮಕ್ಕಳ ಬಳಗ ಐತ್ರಿ ನಿಮ್ದು. ಕೆಳಗಿನ ಅಂಕಿ ಯಾತರವು?"

"ಅಭಿಮಾನಿಗಳದರಿ... ಅದು ಅವರಿಗೇ ಗೊತ್ತರಿ."

ಹುಡುಗಿ ಸ್ಕೂಟಿಯಿಂದ ಇಳಿದಳು. ಸ್ಕಾರ್ಫಿನ ಪಿನ್ನು ತೆಗೆದಳು. ಬಸ್ಸಿಗೆ ನಿಂತಿದ್ದ ಮಂದಿಯೆಲ್ಲ ನೋಡುತ್ತಿದ್ದಂತೆ ಸ್ಕಾರ್ಫ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು.

"ಮನ್ಯಾಗ ಹೇಳಿದ್ರ ಕೆಲಸಾ ಬಿಡಸತೀರಂತ ಅಂಜಿ ಸುಮ್ಮನಿದ್ದೆ, ಅಪ್ಪಾ. ಮೂರನೇ ಸಾಲಿನ್ಯಾಗ ನಾಕನೇದ್ದು ನಾನ. ಕೆಳಗಿನ ಇಪ್ಪತ್ತೇಳು, ಈ ಮನಶಾ ನನ್ನ ಬೆನ್ನ ಹತ್ತಿದ ದಿನಗೋಳು."