ಎರಡೂ ಎಡತೋಳು

ಮದುವೆಯ ಬಿಳಿ ಗೌನಿಗೆ ಸೊಸೆ ಎರಡೂ ಎಡತೋಳನ್ನೇ ಹೊಲಿದಿಟ್ಟಿದ್ದಳು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಮಗುಚಿ ನೋಡಿದಳು. ಹೇಗೆ ತಿರುಗಿಸಿದರೂ ಬಲತೋಳು ಹುಟ್ಟಲಿಲ್ಲ. ಬೆಳಿಗ್ಗೆಯೇ ಹೊಲಿಗೆ ಮಿಷನ್ನಿನ ಬೆಲ್ಟು ಹರಿದಿತ್ತು. ಕರೆಂಟು ಪದೇ ಪದೇ ಕೈಕೊಡುತ್ತಿತ್ತು. ಸಂಜೆ ಮದುಮಗಳು ಗೌನು ಒಯ್ಯಲು ಬರುವವಳಿದ್ದಳು.

ಬೈಗುಳ ನಾಲಿಗೆಯ ತುದಿಗೆ ಬಂದಾಗ ಪ್ರಾರ್ಥನೆ ಮಾಡುವುದು ಅತ್ತೆಯ ರೂಢಿ. ಗೌನನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಆದರೆ ಇವತ್ತು ಪ್ರಾರ್ಥನೆಯೊಳಗೇ ಬೈಗುಳ ನುಸುಳಿತು.

"ಯೇಸಪ್ಪಾ, ನೋಡ್ತಾ ಇದ್ದೀಯಲ್ಲ? ಬೆಲ್ಟು ಹೋಯ್ತು, ಕರೆಂಟು ಹೋಯ್ತು, ಈಗ ಇದೊಂದು ಬಾಕಿ ಇತ್ತು. ಈ ಹುಡುಗಿಗೆ ಸ್ವಲ್ಪ ಬುದ್ಧಿ ಕೊಡು ತಂದೆ."

"ಆಮೆನ್," ಎಂದಿತು ಪಕ್ಕದಿಂದ ಒಂದು ಸಣ್ಣ ದನಿ.

ಅತ್ತೆ ಒಂದೇ ಕಣ್ಣು ತೆರೆದಳು. ಸೊಸೆಯದು ಕೊಂಕಾಗಿರಲಿಲ್ಲ. ಅಳತೆಯ ಟೇಪನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, ಮುಚ್ಚಿದ ಕಣ್ಣಲ್ಲೇ ನೀರಿಳಿಸುತ್ತಾ, ನಿಜಕ್ಕೂ ಬುದ್ಧಿಯನ್ನೇ ಬೇಡುತ್ತಿದ್ದಳು. ಈ ಮನೆಗೆ ಬಂದಾಗಿನಿಂದ ಪ್ರಾರ್ಥನೆಯಲ್ಲಿ ಅವಳು ಬಾಯಿಬಿಟ್ಟದ್ದು ಇದೇ ಮೊದಲು.

ಅತ್ತೆ ಮತ್ತೆ ಕಣ್ಣು ಮುಚ್ಚಿದಳು. "ಯೇಸಪ್ಪಾ, ನನಗೂ..." ಎಂದವಳಿಗೆ ಮುಂದೆ ಏನು ಕೇಳಬೇಕೋ ತೋಚಲಿಲ್ಲ.

"ಸ್ವಲ್ಪ ತಾಳ್ಮೆ ಕೊಡು ತಂದೆ," ಎಂದು ಸೊಸೆ ಕಣ್ಣು ಬಿಡದೆಯೇ ಮುಂದುವರಿಸಿದಳು. "ಇನ್ನೊಂದು ತೋಳಿಗೆ ಆಗೋಷ್ಟು ಬಟ್ಟೆ ಉಳಿದಿದೆ, ನಿನಗೇ ಗೊತ್ತಲ್ಲ."

"ಅದನ್ನ ನನಗೆ ಮೊದಲೇ ಹೇಳೋದಲ್ವೇನೇ!" ಎಂದ ಅತ್ತೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಸೊಸೆಯ ಬೆರಳಿನಿಂದ ಟೇಪು ಬಿಚ್ಚುತ್ತಾ, ಗಟ್ಟಿಯಾಗಿ ಆಮೆನ್ ಹೇಳಿದಳು.