ಹದ ನೋಡುವ ನಾಲಿಗೆ

ಮಳೆ ಹಿಂದೆಗೆದು ದ್ರಾಕ್ಷಿ ಎಲೆಗಳಿಗೆ ಬೂಷ್ಟು ಹತ್ತುವ ಕಾಲ. ಪೀಪಾಯಿಯಲ್ಲಿ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಮುಗಿಸಿದ ಆಳುಗಳು ಪಂಪು ಬೆನ್ನಿಗೇರಿಸದೆ ಕಾಯುತ್ತಿದ್ದರು. ಮೂವತ್ತು ವರ್ಷದಿಂದ ಆ ಔಷಧಿಯ ಹದ ನೋಡುತ್ತಿದ್ದುದು ತೋಟದ ಯಜಮಾನ ಮುದುಕನ ನಾಲಿಗೆ. ಒಂದು ಹನಿ ನೆಕ್ಕಿ, ಉಗುಳಿ, ಅವನು ತಲೆಯಾಡಿಸಿದರೇ ಸಿಂಪಡಣೆ ಶುರು. ಇವತ್ತು ಅದ್ದಿದ ಬೆರಳು ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು.

"ಯಾಕ್ ಮಾವ, ನಾಲಿಗೆಗೂ ರಜಾನಾ?" ಎಂದ ಅಕ್ಕನ ಮಗ.

"ಡಾಕ್ಟ್ರು ಬೈದ್ರು ಕಣೋ. ಸಕ್ಕರೆ ಕಾಯಿಲೆ ಬಂದ್ಮೇಲೆ ಕರುಳು ಮೊದಲಿನ ಹಾಗಿರಲ್ವಂತೆ. ಹೊರಗಿನ ವಿಷ ಒಳಗೆ ಹೋದ್ರೆ ಅದನ್ನ ತಡೆದು ಆಚೆ ಹಾಕೋದೆಲ್ಲ ಏರುಪೇರಾಗುತ್ತಂತೆ."

"ಅಷ್ಟೇ ತಾನೆ?" ಅಕ್ಕನ ಮಗ ಸೊಂಟದ ಚಾಕು ತೆಗೆದು ಪೀಪಾಯಿಗೆ ಅದ್ದಿದ. ಅಲಗಿಗೆ ತಾಮ್ರದ ಕೆಂಪು ಹತ್ತಿತು; ಸುಣ್ಣ ಸಾಲದೆಂಬುದರ ಗುರುತು. ಹಿಡಿ ಸುಣ್ಣ ಸುರಿದು, ಕಲಕಿ, ಅಲಗು ಒರೆಸಿ ಮತ್ತೆ ಅದ್ದಿದ. ಈ ಸಲ ಕೆಂಪು ಹತ್ತಲಿಲ್ಲ. "ಸರಿಹೋಯ್ತು, ನಡೀರಿ."

"ಇದನ್ನ ಯಾವಾಗ ಕಲಿತ್ಯೋ?"

"ಇದು ಎಲ್ರಿಗೂ ಮೊದಲಿಂದ್ಲೂ ಗೊತ್ತು ಮಾವ. ನಿನಗೆ ಬೇಜಾರಾಗುತ್ತೆ ಅಂತ ಸುಮ್ನಿದ್ವಿ."

ಆಳುಗಳು ಬಳ್ಳಿಸಾಲುಗಳೊಳಗೆ ಇಳಿದು ಮರೆಯಾದರು. ಮುದುಕ ನೀಲಿ ಹತ್ತಿದ ಬೆರಳನ್ನು ಮೈಯಿಂದ ದೂರ ಹಿಡಿದುಕೊಂಡು ಪೀಪಾಯಿಯ ಪಕ್ಕದಲ್ಲೇ ನಿಂತಿದ್ದ.