ಏಳು ಅಂಗಿಗಳ ಹಾಡು

ಭಾನುವಾರ ಮಧ್ಯಾಹ್ನದ ಆಟ. ಎರಡನೆಯ ಅಂಕದಲ್ಲಿ ನಾಯಕಿ ಇಸ್ತ್ರಿಪೆಟ್ಟಿಗೆ ಹಿಡಿದು ಬರುತ್ತಿದ್ದಂತೆಯೇ ಸಭೆಯಲ್ಲಿ ನಗೆ ಎದ್ದಿತು. ಹಾಡು ಇನ್ನೂ ಶುರುವೇ ಆಗಿರಲಿಲ್ಲ. ಇದು ಐವತ್ತನೆಯ ಪ್ರದರ್ಶನ. ಮುಂದೇನು ಬರುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಪಕ್ಕದ ಪರದೆಯ ಮರೆಯಲ್ಲಿ ನಿಂತು ತುಂಬಿದ ಕುರ್ಚಿಗಳನ್ನು ಕಣ್ತುಂಬ ನೋಡುತ್ತಿದ್ದ ನಾಟಕಕಾರ್ತಿಗೆ ಆರನೆಯ ಸಾಲಿನ ತುದಿಯಲ್ಲಿ ಅಕ್ಕ ಕಂಡಳು. ಅಕ್ಕನಿಗೆ ಅವಳು ಟಿಕೆಟ್ ಕಳಿಸಿರಲಿಲ್ಲ. ಮರೆತು ಅಲ್ಲ, ಬೇಕೆಂದೇ.

ಹದಿನೆಂಟು ವರ್ಷಗಳಿಂದ ಅವಳು ಸಂಗೀತ ನಾಟಕ ಬರೆಯುತ್ತಿದ್ದಳು. ಹಗಲೆಲ್ಲ ವಿಮಾ ಕಚೇರಿಯಲ್ಲಿ ಪತ್ರ ಟೈಪು ಮಾಡಿ, ಸಂಜೆ ಅಡುಗೆಮನೆಯ ಮೇಜಿನ ಮೇಲೆ ಬರೆದ ಒಂಬತ್ತು ನಾಟಕಗಳು. ಒಂದೂ ಎರಡು ವಾರ ದಾಟಿರಲಿಲ್ಲ. ಹಾಡುಗಳು ಚೆನ್ನಾಗಿವೆ ಎಂದು ಪತ್ರಿಕೆಯವರು ಸಂಗೀತಗಾರನನ್ನು ಹೊಗಳುತ್ತಿದ್ದರು. ಕಥೆ ಎಳೆದಂತಿದೆ ಎಂದು ಇವಳನ್ನು ಬೈಯುತ್ತಿದ್ದರು. ಹಾಡಿನ ಮಾತೂ ಇವಳದೇ ಎಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ.

ಹತ್ತನೆಯದನ್ನು ಕೊಟ್ಟವಳು ಅಕ್ಕ. ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯ ಹಾಸಿಗೆಯ ಮೇಲೆ, ಯಾರಿಗೂ ಹೇಳದ ಮಾತೊಂದನ್ನು ತಂಗಿಗೆ ಹೇಳಿದ್ದಳು. ಗಂಡ ಬಿಟ್ಟು ಹೋದ ಮೇಲೆ ಮೂರು ವರ್ಷ, ಪ್ರತಿ ಭಾನುವಾರ, ಅವನ ಏಳು ಅಂಗಿಗಳನ್ನೂ ಒಗೆದು, ಇಸ್ತ್ರಿ ಮಾಡಿ, ಸಾಲಾಗಿ ತೂಗುಹಾಕುತ್ತಿದ್ದಳಂತೆ. ಸೋಮವಾರ ಅವನು ಬಂದುಬಿಟ್ಟರೆ ಕೆಲಸಕ್ಕೆ ಹಾಕಿಕೊಳ್ಳಲು ಬೇಕಲ್ಲ ಅಂತ. "ನಿನ್ನ ಹೊಟ್ಟೇಲೇ ಇರ್ಲಿ ಕಣೇ," ಎಂದಿದ್ದಳು. ಹೊಟ್ಟೆಯಲ್ಲಿ ಅದು ಎರಡು ತಿಂಗಳು ಇತ್ತು. ಆಮೇಲೆ ಹಾಡಾಗಿ ಹೊರಗೆ ಬಂತು.

ಬಂದಾಗ ಅದು ಮೆಲ್ಲಗಿನ ಹಾಡು. ತಾಲೀಮಿನಲ್ಲಿ ಕೇಳಿ ನಿರ್ದೇಶಕ ಕೆನ್ನೆ ಕೆರೆದುಕೊಂಡ. "ಮೇಡಂ, ಎರಡನೇ ಅಂಕ ಇಲ್ಲಿ ಗೊರಕೆ ಹೊಡೀತಿದೆ. ಅಂಗಿಗಳಿಗೆ ಜೀವ ಬಂದ್ರೆ ಹೇಗೆ? ಏಳು ಜನ ಅಂಗಿ ತೊಟ್ಟು ಅವಳ ಸುತ್ತ ಕುಣೀಲಿ. ಜನ ಬಿದ್ದು ಬಿದ್ದು ನಗ್ತಾರೆ." ಬೇಡ ಎನ್ನಲು ಅವಳು ಬಾಯಿ ತೆರೆದಳು. ಒಂಬತ್ತನೆಯ ನಾಟಕದ ಖಾಲಿ ಕುರ್ಚಿಗಳು ಕಣ್ಣ ಮುಂದೆ ಬಂದವು. ಬಾಯಿ ಮುಚ್ಚಿಕೊಂಡಳು. ಕುಣಿತಕ್ಕೆ ಹೊಂದುವ ಮಾತು ಬೇರೆ ಯಾರೂ ಬರೆಯಲಿಲ್ಲ. ಅಲ್ಲೇ ಕೂತು, ಅಂಗಿಗೆ ಮಂಗಿ ಎಂದು ಪ್ರಾಸ ಹುಡುಕಿದವಳು ಅವಳೇ.

ಈಗ ಏಳು ಅಂಗಿಗಳು ಕುಣಿದವು. ಸಭೆ ಹುಚ್ಚೆದ್ದು ನಕ್ಕಿತು. "ಒನ್ಸ್ ಮೋರ್!" ಎಂದು ಹಿಂದಿನ ಸಾಲುಗಳು ಕೂಗಿದವು, ಅಂಗಿಗಳು ಮತ್ತೊಮ್ಮೆ ಕುಣಿದವು. ಅಕ್ಕನ ಪಕ್ಕದ ಹೆಂಗಸು ನಗುತ್ತಾ ಅಕ್ಕನ ತೋಳು ತಟ್ಟಿ ಏನೋ ಹೇಳಿದಳು. ಅಕ್ಕ ತಲೆ ಆಡಿಸಿದಳು.

ಆಟ ಮುಗಿದೊಡನೆ ನಾಟಕಕಾರ್ತಿ ಪಕ್ಕದ ಬಾಗಿಲಿಗೆ ಓಡಿದಳು. ಅಕ್ಕ ಮೆಟ್ಟಿಲ ಮೇಲೆ, ಜನರ ನೂಕುನುಗ್ಗಲು ಕರಗಲೆಂದು ಕೂತಿದ್ದಳು.

"ಅಕ್ಕಾ, ನಿನಗೆ ಹೇಳ್ಬೇಕು ಅಂತಾನೇ ಇದ್ದೆ..."

"ನನಗೊಬ್ಬಳಿಗೆ ಹೇಳಲಿಲ್ಲ ಅಷ್ಟೇ. ಮಿಕ್ಕವರಿಗೆಲ್ಲ ಹೇಳಿದ್ದೀಯಲ್ಲ."

"ಬೈದುಬಿಡು. ಕೆನ್ನೆಗೆ ಎರಡು ಬಾರಿಸು. ಆಮೇಲೆ ಹೊಟ್ಟೆಗೆ ಹಾಕ್ಕೋ."

"ಹಾಕ್ಕೋತೀನಿ ಬಿಡು. ನನ್ನ ಹೊಟ್ಟೇಲಿ ಮಾತು ನಿಲ್ಲುತ್ತೆ." ಅಕ್ಕ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು. "ನಿನ್ನ ಮೊದಲನೇ ನಾಟಕಕ್ಕೆ ಬಟ್ಟೆ ಹೊಲಿದವಳು ನಾನು. ನೋಡೋಕೆ ಹದಿನಾರು ಜನ ಬಂದಿದ್ರು, ಅಮ್ಮನೂ ಸೇರಿ. ಈ ಸಲ ಸೀಟು ಸಿಗೋಕೆ ಮೂರು ವಾರ ಕಾದೆ. ಹೊಟ್ಟೆಕಿಚ್ಚಿಲ್ಲ, ಸಂತೋಷಾನೇ ಆಯ್ತು. ಪಕ್ಕದವಳು ಕೇಳಿದ್ಲು, ಇಂಥಾ ಪೆದ್ದಿ ಎಲ್ಲಾದ್ರೂ ಇರ್ತಾಳೇನ್ರೀ ಅಂತ. ಇರಲ್ಲಮ್ಮ, ಬರೀ ಕಥೆ ಅಂದೆ."

ತಂಗಿ ಅಕ್ಕನ ಕಾಲ ಬಳಿ ಕೆಳಗಿನ ಮೆಟ್ಟಿಲಲ್ಲಿ ಕುಸಿದು ಕೂತಳು. ಅಳು ಒತ್ತರಿಸಿ ಬಂತು. ಚಿಕ್ಕಂದಿನಲ್ಲಿ ಬಿದ್ದು ಮಂಡಿ ತರಚಿಕೊಂಡಾಗ ಸವರುತ್ತಿದ್ದಂತೆ ಅಕ್ಕ ಅವಳ ತಲೆ ಸವರಿದಳು.

"ಅಳಬೇಡ. ಅವತ್ತು ನಾನು ಅರ್ಧ ಮಾತ್ರ ಹೇಳಿದ್ದು. ಮೂರು ವರ್ಷ ಆದ್ಮೇಲೆ ಯಾಕೆ ನಿಲ್ಲಿಸಿದೆ ಅಂತ ನೀನು ಕೇಳಲೇ ಇಲ್ಲ." ಅಕ್ಕನ ದನಿ ಇಳಿಯಿತು. "ಒಂದು ಭಾನುವಾರ ನಿನ್ನ ಭಾವ ಬಂದಿದ್ರು."

ನಾಟಕಕಾರ್ತಿಯ ಅಳು ಅಲ್ಲಿಗೇ ನಿಂತಿತು. ಮೂರನೆಯ ಅಂಕ ಬಡಕಲು ಎಂಬ ಕೊರಗು ಅವಳಿಗೆ ಮೊದಲಿನಿಂದಲೂ ಇತ್ತು. ಮೂಗು ಒರೆಸಿಕೊಂಡು ತಲೆ ಎತ್ತಿದಳು.

"ಬಂದ್ರಾ? ಬಾಗಿಲಲ್ಲೇ ನಿಂತ್ರಾ, ಒಳಗೆ ಬಂದ್ರಾ? ಮೊದಲು ಏನಂದ್ರು? ಕೈಯಲ್ಲಿ ಏನಾದ್ರೂ ಇತ್ತಾ?"

ತಲೆಯ ಮೇಲಿದ್ದ ಅಕ್ಕನ ಕೈ ನಿಂತಿತು. ತಂಗಿಯ ಮುಖವನ್ನು ಅವಳು ಸ್ವಲ್ಪ ಹೊತ್ತು ನೋಡಿದಳು, ಗುರುತು ಹಿಡಿಯುವವಳಂತೆ. ಆಮೇಲೆ ಎದ್ದು ಚೀಲವನ್ನು ಹೆಗಲಿಗೇರಿಸಿದಳು.

"ಕೈಯಲ್ಲಿ ಏನಿತ್ತು ಅಂತ ತಂಗಿಯಾದವಳು ಕೇಳೋದಿಲ್ಲ ಕಣೇ."